ಕೇಳದ ಕಿವಿಗೆ ಮಾತಾಡಿದವರು

ಅವತ್ತು ಡಾಕ್ಟರ್ ಕೋಣೆಯೊಳಗೆ ಬಂದವರು ಫೈಲ್ ತೆರೆಯಲಿಲ್ಲ, ನಮ್ಮಿಬ್ಬರ ಕಡೆ ತಿರುಗಲೂ ಇಲ್ಲ. ನೇರವಾಗಿ ನನ್ನ ಮಡಿಲ ಮುಂದೆ ಬಂದು ನೆಲದ ಮೇಲೆ ಮಂಡಿಯೂರಿ ಕೂತರು. ಮಗಳ ಕಣ್ಣಿಗೆ ತಮ್ಮ ಕಣ್ಣು ಸರಿಯಾಗಿ ಸಿಗುವಷ್ಟು ತಗ್ಗಿದರು. ತಾವು ಯಾರು, ಅವಳು ಇಲ್ಲಿಗೆ ಯಾಕೆ ಬಂದಿದ್ದಾಳೆ, ಮುಂದೆ ಏನೇನು ನಡೆಯುತ್ತದೆ ಅಂತ ಅವಳಿಗೆ ಹೇಳತೊಡಗಿದರು. ಅವಳಿಗೆ ಆಗ ಹತ್ತು ತಿಂಗಳು.

"ಡಾಕ್ಟರ್, ಅವಳಿಗೆ ಕೇಳಿಸುವುದಿಲ್ಲ" ಅಂದೆ. ಅಷ್ಟು ದಿನದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಗಂಟಲು ಕಟ್ಟಿತು.

"ಗೊತ್ತು" ಅಂದರು, ಅವಳ ಮೇಲಿಂದ ಕಣ್ಣು ತೆಗೆಯದೆ. "ಆದರೆ ಆಪರೇಷನ್ ಆಗಬೇಕಾಗಿರುವುದು ಅವಳಿಗೆ ಅಲ್ವಾ? ಮೊದಲು ಅವಳ ಹತ್ತಿರವೇ ಮಾತಾಡಬೇಕು."

ಮಗಳು ಅವರ ಬಾಯನ್ನೇ ನೋಡುತ್ತಿದ್ದಳು. ಕೈ ಚಾಚಿ ಅವರ ಕನ್ನಡಕ ಹಿಡಿದಳು. ಅವರು ಬಿಡಿಸಿಕೊಳ್ಳಲಿಲ್ಲ. ಅವಳ ಹಿಡಿತದಲ್ಲೇ ಮಾತು ಮುಗಿಸಿದರು.

ಸಾಮಾನ್ಯವಾಗಿ ಈ ಪುಟದಲ್ಲಿ ಸಂಘದ ಚಟುವಟಿಕೆಗಳ ಬಗ್ಗೆ ಬರೆಯುತ್ತೇನೆ. ಈ ಸಲ ಒಬ್ಬ ತಾಯಿಯಾಗಿ ಬರೆಯಲು ನಿಮ್ಮ ಅನುಮತಿ ಬೇಕು. ಈ ಸಂಚಿಕೆ ನಿಮ್ಮ ಕೈ ಸೇರುವ ವಾರದಲ್ಲೇ ಫೆಬ್ರವರಿ 25 ಬರುತ್ತದೆ. ಅದು ಕಾಕ್ಲಿಯರ್ ಇಂಪ್ಲಾಂಟ್ ದಿನ, ಆಪರೇಷನ್ ಮಾಡಿ ಒಳಗಿವಿಯಲ್ಲಿ ಕೂರಿಸಿ ಸದ್ದು ಕೇಳಿಸುವ ಸಾಧನದ ದಿನ. 1957ರಲ್ಲಿ ಅದೇ ದಿನ ಪ್ಯಾರಿಸ್‌ನಲ್ಲಿ ಶಾರ್ಲ್ ಎಯ್ರಿಯೆಸ್ ಎಂಬ ಸರ್ಜನ್ ಮತ್ತು ಆಂದ್ರೆ ಜೂರ್ನೋ ಎಂಬ ವಿಜ್ಞಾನಿ ಸೇರಿ, ಪೂರ್ತಿ ಕಿವುಡಾಗಿದ್ದ ಒಬ್ಬರ ಶ್ರವಣ ನರಕ್ಕೆ ನೇರವಾಗಿ ವಿದ್ಯುತ್ ಮಿಡಿತ ಮುಟ್ಟಿಸಿದರು. ಅವರಿಗೆ ಸದ್ದು ಕೇಳಿಸಿತು. ಮಾತನ್ನು ಸರಿಯಾಗಿ ಬಿಡಿಸಿ ತಿಳಿಯುವಷ್ಟು ಅಲ್ಲ, ಆದರೆ ಕೇಳಿಸಿತು. ಅದರ ಬೆನ್ನಿಗೇ ಮಾರ್ಚ್ 3, ವಿಶ್ವ ಶ್ರವಣ ದಿನ. ಎಂಟು ವರ್ಷದಿಂದ ನನ್ನೊಳಗೆ ಇಟ್ಟುಕೊಂಡಿರುವ ಒಂದು ಕೃತಜ್ಞತೆಯನ್ನು ಹೇಳಲು ಇದಕ್ಕಿಂತ ಒಳ್ಳೆಯ ವಾರ ನನಗೆ ಸಿಗುವುದಿಲ್ಲ.

ಮಗಳು ಹುಟ್ಟಿದ ಮೂರನೇ ದಿನ ಕಿವಿಯ ಪರೀಕ್ಷೆ ಆಯಿತು. ನಿದ್ದೆಯಲ್ಲಿರುವ ಮಗುವಿನ ಕಿವಿಗೆ ಪುಟ್ಟ ಬಿರಡೆಯಂಥದ್ದೊಂದನ್ನು ಇಟ್ಟು ಮೆಲ್ಲನೆ ಸದ್ದು ಕಳಿಸುತ್ತಾರೆ. ಒಳಗಿವಿ ಸರಿಯಿದ್ದರೆ ಅದು ತಾನೇ ಒಂದು ಸಣ್ಣ ಪ್ರತಿಧ್ವನಿ ಹೊರಗೆ ಕಳಿಸುತ್ತದೆ. ನಮ್ಮ ಮಗಳ ಎರಡೂ ಕಿವಿಗಳಿಂದ ಏನೂ ಬರಲಿಲ್ಲ. "ಹೆರಿಗೆಯ ನೀರು ಕಿವಿಯಲ್ಲಿ ಉಳಿದಿರಬಹುದು, ಗಾಬರಿ ಬೇಡ, ಆಮೇಲೆ ನೋಡೋಣ" ಅಂದರು. ಆ ಆಮೇಲೆ ಅನ್ನುವುದು ಐದು ತಿಂಗಳಾಯಿತು. ಅಷ್ಟು ದಿನ ನಾನು ಅವಳ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿದೆ, ಪಾತ್ರೆ ಬಡಿದೆ, ಹೆಸರು ಕೂಗಿದೆ. ಒಮ್ಮೊಮ್ಮೆ ತಿರುಗುತ್ತಿದ್ದಳು. ನನ್ನ ನೆರಳು ಕಂಡು ತಿರುಗುತ್ತಿದ್ದಳು ಅಂತ ತಿಳಿದದ್ದು ಎಷ್ಟೋ ದಿನ ಆದ ಮೇಲೆ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಸಂಘದಲ್ಲಿ ಹೊಸದಾಗಿ ಮಗು ಆದವರು, ಆಗಲಿರುವವರು ಇದ್ದೀರಿ. ಮೊದಲ ತಿಂಗಳೊಳಗೆ ಕಿವಿಯ ತಪಾಸಣೆ, ಅದರಲ್ಲಿ ಅನುಮಾನ ಬಂದರೆ ಮೂರು ತಿಂಗಳೊಳಗೆ ಪೂರ್ತಿ ಪರೀಕ್ಷೆ, ಆರು ತಿಂಗಳೊಳಗೆ ಚಿಕಿತ್ಸೆ ಶುರು. ಇದು ಈ ಕ್ಷೇತ್ರದವರೆಲ್ಲ ಒಪ್ಪಿರುವ ಲೆಕ್ಕ. ಯಾರಾದರೂ "ಸುಮ್ನೆ ಕಾಯಿರಿ" ಅಂದರೆ ಕಾಯಬೇಡಿ. ನಾನು ಕಾದೆ. ಕಡೆಗೆ ತಲೆಗೆ ತಂತಿ ಅಂಟಿಸಿ ನರದ ಉತ್ತರ ಅಳೆಯುವ ಎಬಿಆರ್ ಪರೀಕ್ಷೆ ಮಾಡಿದಾಗ ಬಲಗಿವಿಯ ಗೆರೆ ನೆಟ್ಟಗೆ ಮಲಗಿಬಿಟ್ಟಿತ್ತು. ಎಡಗಿವಿಯಲ್ಲಿ ಅಲ್ಪಸ್ವಲ್ಪ ಉಳಿದಿತ್ತು, ಮಾತಿಗೆ ಸಾಲುವಷ್ಟಲ್ಲ. ಹಿಯರಿಂಗ್ ಏಡ್ ಹಾಕಿ ಕೆಲವು ತಿಂಗಳು ನೋಡಿದೆವು. ಆಮೇಲೆ ಈ ಡಾಕ್ಟರ್ ಹತ್ತಿರ ಬಂದೆವು.

ಮಗಳ ಹತ್ತಿರ ಮಾತು ಮುಗಿಸಿ ಅವರು ನಮ್ಮ ಕಡೆ ತಿರುಗಿದರು. ಒಂದು ಕಾಗದ ತೆಗೆದುಕೊಂಡು ಬಸವನಹುಳುವಿನ ಚಿಪ್ಪು ಬರೆದರು. ಒಳಗಿವಿಯ ಕಾಕ್ಲಿಯಾ ಹೀಗೇ ಇರುತ್ತದೆ, ಎರಡೂವರೆ ಸುತ್ತು. ಅದರೊಳಗೆ ಸಾವಿರಾರು ಕೂದಲ ಕೋಶಗಳು. ಸದ್ದಿನ ಅಲೆಯನ್ನು ನರಕ್ಕೆ ಅರ್ಥವಾಗುವ ಸಂಕೇತ ಮಾಡುವುದು ಅವುಗಳ ಕೆಲಸ. ಮನುಷ್ಯರಲ್ಲಿ ಅವು ಒಮ್ಮೆ ಹೋದರೆ ಮತ್ತೆ ಹುಟ್ಟುವುದಿಲ್ಲ. ಹಿಯರಿಂಗ್ ಏಡ್ ಸದ್ದನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ತೆಗೆದುಕೊಳ್ಳುವ ಕೋಶಗಳೇ ಇಲ್ಲದಿದ್ದರೆ ಎಷ್ಟು ದೊಡ್ಡದು ಮಾಡಿದರೂ ಪ್ರಯೋಜನ ಕಡಿಮೆ. ಇಂಪ್ಲಾಂಟ್ ಆ ಕೋಶಗಳನ್ನು ಬಿಟ್ಟು ನೇರವಾಗಿ ನರವನ್ನು ಮುಟ್ಟುತ್ತದೆ. ಕಿವಿಯ ಹಿಂದೆ ಹೊರಗೆ ಒಂದು ಪ್ರೊಸೆಸರ್, ಅಯಸ್ಕಾಂತದಿಂದ ತಲೆಗೆ ಅಂಟುವ ಕಾಯಿಲ್, ಚರ್ಮದ ಕೆಳಗೆ ಒಂದು ರಿಸೀವರ್, ಅಲ್ಲಿಂದ ಕಾಕ್ಲಿಯಾದ ಒಳಕ್ಕೆ ಹೋಗುವ ಎಳೆಯಂಥ ತಂತಿ. ಮಗಳಿಗೆ ಹಾಕಿದ ತಂತಿಯಲ್ಲಿ 22 ಎಲೆಕ್ಟ್ರೋಡ್‌ಗಳು. ಸಾವಿರಾರು ಕೋಶ ಮಾಡುವ ಕೆಲಸವನ್ನು 22 ಚುಕ್ಕಿಗಳು ಮಾಡಬೇಕು. ಉಳಿದದ್ದನ್ನು ಮೆದುಳು ಕಲಿತುಕೊಳ್ಳಬೇಕು. ಪುಟ್ಟ ಮೆದುಳು ಬೇಗ ಕಲಿಯುತ್ತದೆ, ಅದಕ್ಕೇ ಇಷ್ಟು ಆತುರ.

ನನ್ನ ಗಂಡ ಕೇಳಿದ್ದು ಒಂದೇ ಪ್ರಶ್ನೆ. "ಇಷ್ಟು ಪುಟ್ಟ ಕಿವಿಯಲ್ಲಿ ಜಾಗ ಎಲ್ಲಿದೆ?" ಡಾಕ್ಟರ್ ನಕ್ಕರು. ಕಾಕ್ಲಿಯಾ ಹುಟ್ಟುವಾಗಲೇ ದೊಡ್ಡವರದ್ದರಷ್ಟೇ ಗಾತ್ರ ಇರುತ್ತದಂತೆ. ಅದು ಮತ್ತೆ ಬೆಳೆಯುವುದಿಲ್ಲ. ಮಗಳ ದೇಹದಲ್ಲಿ ಆಗಲೇ ದೊಡ್ಡವಳಾಗಿದ್ದ ಒಂದು ಜಾಗ ಇದೆ ಅನ್ನುವುದು ನನಗೆ ಯಾಕೋ ತುಂಬ ಧೈರ್ಯ ಕೊಟ್ಟಿತು.

ಆ ತಂತಿ ಆ ಸುರುಳಿಯೊಳಗೆ ಹೇಗೆ ಹೋಗುತ್ತದೆ ಅನ್ನುವುದಕ್ಕೆ ಅವರೊಂದು ಕಥೆ ಹೇಳಿದರು. ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ಅವರ ಕಥೆ. ಕ್ಲಾರ್ಕ್ ಅವರ ತಂದೆಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಔಷಧಿ ಅಂಗಡಿ ನಡೆಸುತ್ತಿದ್ದರು. ಬಂದವರು ಹೇಳಿದ್ದು ಕೇಳಿಸದೆ ಅಪ್ಪ ಪಡುತ್ತಿದ್ದ ಪಾಡನ್ನು ನೋಡುತ್ತಾ ಬೆಳೆದ ಹುಡುಗ, ಮುಂದೆ ಕಿವಿಯ ಡಾಕ್ಟರ್ ಆದರು. ಸುರುಳಿಯೊಳಗೆ ತಂತಿ ಹೋಗದೆ ಅರ್ಧದಲ್ಲೇ ನಿಲ್ಲುತ್ತಿತ್ತು. 1977ರಲ್ಲಿ ಒಂದು ದಿನ ಕಡಲ ತೀರದಲ್ಲಿ ಕೂತಿದ್ದಾಗ ಅವರ ಕೈಗೆ ಒಂದು ಶಂಖದ ಚಿಪ್ಪು ಸಿಕ್ಕಿತು. ಪಕ್ಕದ ಹುಲ್ಲಿನ ಗರಿ ಕಿತ್ತು ಅದರೊಳಗೆ ತೂರಿಸಿ ನೋಡಿದರು. ಬುಡದಲ್ಲಿ ಗಟ್ಟಿಯಾಗಿ, ತುದಿಯಲ್ಲಿ ಮೆತ್ತಗೆ ಇದ್ದ ಗರಿ ಸುರುಳಿಯ ಒಳಗೆ ಸಲೀಸಾಗಿ ಸುತ್ತಿಕೊಂಡು ಹೋಯಿತು. ತಂತಿಯೂ ಹಾಗೇ ಇರಬೇಕು ಅಂತ ಹೊಳೆಯಿತು. 1978ರ ಆಗಸ್ಟ್ 1ರಂದು ಮೆಲ್ಬರ್ನ್‌ನಲ್ಲಿ ತಮ್ಮ ಮೊದಲ ರೋಗಿಗೆ ಅವರು ಇಂಪ್ಲಾಂಟ್ ಹಾಕಿದರು. ಅದಕ್ಕೂ ಕೆಲವು ತಿಂಗಳ ಹಿಂದೆ ವಿಯೆನ್ನಾದಲ್ಲಿ ಇಂಗೆಬೋರ್ಗ್ ಮತ್ತು ಎರ್ವಿನ್ ಹೋಖ್‌ಮಾಯರ್ ದಂಪತಿ ಮಾಡಿದ ಸಾಧನವೂ ಒಬ್ಬರ ಕಿವಿ ಸೇರಿತ್ತು. ಇಂಥ ಕಥೆಗಳನ್ನು ಹೇಳುವಾಗ ಡಾಕ್ಟರ್ ಮುಖ ಬೆಳಗುತ್ತಿತ್ತು. ತಮ್ಮ ಬಗ್ಗೆ ಒಂದು ಮಾತೂ ಹೇಳಿಕೊಳ್ಳದವರು ಹುಲ್ಲಿನ ಗರಿಯ ಬಗ್ಗೆ ಹತ್ತು ನಿಮಿಷ ಮಾತಾಡಿದರು.

ಆಮೇಲೆ ಅಷ್ಟೇ ಸ್ಪಷ್ಟವಾಗಿ ಭಯದ ಮಾತುಗಳನ್ನೂ ಹೇಳಿದರು. ಕಿವಿಯ ಹಿಂದಿನ ಮೂಳೆ ಕೊರೆಯುವ ದಾರಿಯಲ್ಲಿ ಮುಖದ ನರ ಕೆಲವೇ ಮಿಲಿಮೀಟರ್ ದೂರದಲ್ಲಿರುತ್ತದೆ. ಅದಕ್ಕೆ ಪೆಟ್ಟಾಗದಂತೆ ಕಾಯಲು ಒಂದು ಮಾನಿಟರ್ ಇರುತ್ತದೆ. ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಗೆ ತಗಲುವ ಸೋಂಕಿನ ಅಪಾಯ ಸ್ವಲ್ಪ ಹೆಚ್ಚುವುದರಿಂದ ಮೊದಲೇ ಲಸಿಕೆ ಹಾಕಿಸಲೇಬೇಕು. ಮತ್ತೆ ಒಂದು ಮಾತು, ನಾನು ಇವತ್ತಿಗೂ ಮರೆಯದ್ದು: "ಇದು ಕಿವುಡನ್ನು ವಾಸಿ ಮಾಡುವುದಿಲ್ಲ. ಸ್ನಾನ ಮಾಡುವಾಗ, ಮಲಗುವಾಗ, ಬ್ಯಾಟರಿ ಮುಗಿದಾಗ ಅವಳಿಗೆ ಕೇಳಿಸುವುದಿಲ್ಲ. ಆಗಲೂ ಅವಳ ಹತ್ತಿರ ಮಾತಾಡುವ ದಾರಿ ನಿಮಗೆ ಗೊತ್ತಿರಬೇಕು." ಇಂಪ್ಲಾಂಟ್ ಹಾಕುವ ಡಾಕ್ಟರೇ ನಮಗೆ ಕೈಸನ್ನೆಯ ಭಾಷೆಯ ತರಗತಿಗೆ ಹೋಗಿ ಅಂದರು. ಕಿವುಡರಾಗಿಯೇ ಬೆಳೆದು, ಸನ್ನೆ ಭಾಷೆಯಲ್ಲೇ ತುಂಬು ಬಾಳು ನಡೆಸುತ್ತಿರುವವರನ್ನು ಭೇಟಿ ಮಾಡಿ, ಆಮೇಲೆ ಆಪರೇಷನ್ ಬಗ್ಗೆ ನಿರ್ಧಾರ ಮಾಡಿ ಅಂದರು. ಹೋದೆವು. ಅವರ ಮಕ್ಕಳು, ಅವರ ನಗು, ಅವರ ಜಗಳ ಎಲ್ಲ ನೋಡಿದೆವು. ಆಪರೇಷನ್ ಬೇಕು ಅಂತಲೇ ನಿರ್ಧಾರ ಮಾಡಿದೆವು, ಆದರೆ ಹೆದರಿಕೊಂಡು ಮಾಡಲಿಲ್ಲ. ಈಗಲೂ ರಾತ್ರಿ ಪ್ರೊಸೆಸರ್ ತೆಗೆದಿಟ್ಟ ಮೇಲೆ ಮಗಳು ನಾನು ಮಂದ ಬೆಳಕಿನಲ್ಲಿ ಕೈಯಲ್ಲಿ ಮಾತಾಡುತ್ತೇವೆ. ದಿನದ ಗುಟ್ಟುಗಳೆಲ್ಲ ಹೊರಗೆ ಬರುವುದು ಆಗಲೇ.

ಭಾಷೆಯ ಪ್ರಶ್ನೆ ಬಾಕಿಯಿತ್ತು. ನಾವಿರುವ ಊರಿನ ಭಾಷೆ ಕನ್ನಡವಲ್ಲ. "ಕೇಳದ ಮಗುವಿಗೆ ಎರಡು ಭಾಷೆ ಭಾರ. ಮನೆಯಲ್ಲೂ ಇಲ್ಲಿನ ಭಾಷೆಯನ್ನೇ ಮಾತಾಡಿ" ಅಂತ ಒಬ್ಬರು ನಮಗೆ ಬಲವಾಗಿ ಹೇಳಿದ್ದರು. ನಾನು ಅದನ್ನು ನಂಬಿ ಎರಡು ತಿಂಗಳು ಮಗಳ ಹತ್ತಿರ ಕನ್ನಡ ಬಿಟ್ಟಿದ್ದೆ. ಡಾಕ್ಟರ್‌ಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ರಾತ್ರಿ ಮಗು ಅತ್ತರೆ ನಿದ್ದೆಗಣ್ಣಲ್ಲಿ ನಿಮ್ಮ ಬಾಯಿಗೆ ಬರುವ ಭಾಷೆ ಯಾವುದು?" ಕನ್ನಡ ಅಂದೆ. "ಹಾಗಾದರೆ ಅದನ್ನೇ ಮಾತಾಡಿ. ಅವಳಿಗೆ ಬೇಕಾಗಿರುವುದು ಜಾಸ್ತಿ ಮಾತು. ತಡವರಿಸದೆ, ಮನಸ್ಸು ಬಿಚ್ಚಿ ಆಡುವ ಮಾತು. ಇನ್ನೊಂದು ಭಾಷೆಯನ್ನು ಅವಳು ಹೊರಗಿನಿಂದ ಕಲಿಯುತ್ತಾಳೆ." ಆ ದಿನ ಮನೆಗೆ ಬರುವ ದಾರಿಯುದ್ದಕ್ಕೂ ನಾನು ಮಗಳಿಗೆ ಕನ್ನಡದಲ್ಲಿ ಹರಟೆ ಹೊಡೆದೆ. ಅವಳಿಗೆ ಕೇಳಿಸುವುದಿಲ್ಲ ಅಂತ ಗೊತ್ತಿತ್ತು. ಆದರೂ ಹೊಡೆದೆ. ಅದನ್ನು ನಾನು ಅವರಿಂದಲೇ ಕಲಿತಿದ್ದೆ.

ಆಪರೇಷನ್ ಬಲಗಿವಿಗೆ, ಹದಿಮೂರನೇ ತಿಂಗಳಲ್ಲಿ. ಮುಖಕ್ಕೆ ಮಾಸ್ಕ್ ಹಾಕಿದರೆ ಮಗಳು ಹೆದರುತ್ತಾಳೆ ಅಂತ ಬಾಯಿ ಕಾಣುವ ಪಾರದರ್ಶಕ ಮಾಸ್ಕ್ ಹಾಕಿಕೊಂಡು ಬಂದರು. ಅವಳ ಬಟ್ಟೆಯ ಆನೆಯನ್ನೂ ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಮೂರು ಗಂಟೆ. ಆ ಮೂರು ಗಂಟೆಯ ಬಗ್ಗೆ ಬರೆಯಲು ನನ್ನಿಂದ ಆಗುವುದಿಲ್ಲ. ಬಾಗಿಲಿನ ಮೇಲೆ ಎಷ್ಟು ಮೊಳೆಗಳಿದ್ದವು ಅಂತ ಇವತ್ತಿಗೂ ಹೇಳಬಲ್ಲೆ.

ಎರಡೂವರೆ ಗಂಟೆ ಆದಾಗ ನರ್ಸ್ ಹೊರಗೆ ಬಂದರು. "ಡಾಕ್ಟರ್ ಹೇಳಿ ಕಳಿಸಿದ್ದಾರೆ. ನರ ಉತ್ತರ ಕೊಟ್ಟಿತು." ಗಾಯ ಮುಚ್ಚುವ ಮೊದಲು ಒಂದೊಂದೇ ಎಲೆಕ್ಟ್ರೋಡ್‌ಗೆ ಸಣ್ಣ ಮಿಡಿತ ಕಳಿಸಿ, ಶ್ರವಣ ನರ ಏನನ್ನುತ್ತದೆ ಅಂತ ಕಂಪ್ಯೂಟರ್‌ನಲ್ಲಿ ನೋಡುತ್ತಾರೆ. ನನ್ನ ಮಗಳು ಪ್ರಜ್ಞೆ ಇಲ್ಲದೆ ಮಲಗಿದ್ದಾಗ, ಅವಳ ನರ ಮೊದಲ ಸಲ ಹೂಂ ಅಂದಿತ್ತು. ಅದನ್ನು ಆಮೇಲೂ ಹೇಳಬಹುದಿತ್ತು. ಹೊರಗೆ ಇಬ್ಬರು ಕಾಯುತ್ತಿದ್ದಾರೆ ಅಂತ ಅಷ್ಟು ಸೂಕ್ಷ್ಮ ಕೆಲಸದ ನಡುವೆ ಅವರಿಗೆ ನೆನಪಿತ್ತಲ್ಲ, ಅದನ್ನು ನಾನು ಹೇಗೆ ತೀರಿಸಲಿ?

ಮಗಳು ಹೊರಗೆ ಬಂದಾಗ ತಲೆಗೆ ದಪ್ಪ ಬ್ಯಾಂಡೇಜ್. ಪಕ್ಕದಲ್ಲಿ ಆನೆ. ಆನೆಯ ಬಲಗಿವಿಗೂ ಬ್ಯಾಂಡೇಜ್.

ಎರಡು ವಾರ ಆದ ಮೇಲೆ ಒಂದು ಭಾನುವಾರ ರಾತ್ರಿ ಗಾಯದ ಸುತ್ತ ಊದಿಕೊಂಡಿತು. ಫೋನ್ ಮಾಡಿದೆವು. ಡ್ಯೂಟಿಯಲ್ಲಿದ್ದವರು ಬರುತ್ತಾರೆ ಅಂದುಕೊಂಡಿದ್ದೆವು, ಇವರೇ ಬಂದರು, ಮನೆಯ ಬಟ್ಟೆಯಲ್ಲೇ. ನೋಡಿದರು, ಔಷಧಿ ಬದಲಾಯಿಸಿದರು, ಮರುದಿನ ಬೆಳಿಗ್ಗೆ ತಾವೇ ಫೋನ್ ಮಾಡಿ ಕೇಳಿದರು. ದೊಡ್ಡದೇನೂ ಆಗಲಿಲ್ಲ.

ನಾಲ್ಕು ವಾರಕ್ಕೆ ಸ್ವಿಚ್ ಆನ್, ಅಂದರೆ ಪ್ರೊಸೆಸರ್ ಹಾಕಿ ಇಂಪ್ಲಾಂಟನ್ನು ಮೊದಲ ಸಲ ಚಾಲೂ ಮಾಡುವುದು. ಮೊದಲ ಸಲ ಅಮ್ಮನ ದನಿ ಕೇಳಿ ಮಗು ನಗುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. ಅದನ್ನೇ ಎದುರು ನೋಡಬೇಡಿ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಅತ್ತರೆ ಅದೂ ಒಳ್ಳೆಯದೇ, ಏನೋ ತಲುಪಿತು ಅಂತ ಅರ್ಥ. ಶ್ರವಣ ತಜ್ಞರಾದ ಆಡಿಯಾಲಜಿಸ್ಟ್ ಕಂಪ್ಯೂಟರ್‌ನಲ್ಲಿ ಮಟ್ಟ ಏರಿಸುತ್ತಾ ಹೋದರು. ಮಗಳು ಆಟದ ಬ್ಲಾಕ್ ಒಂದನ್ನು ಬಾಯಿಗೆ ಹಾಕಿಕೊಂಡಿದ್ದಳು. ಬಾಯಿ ನಿಂತಿತು. ಕಣ್ಣು ಅಗಲವಾಯಿತು. ಬ್ಲಾಕ್ ಕೆಳಗೆ ಬಿತ್ತು, ಅದು ಬಿದ್ದ ಸದ್ದಿಗೆ ಬೆಚ್ಚಿ ಅತ್ತಳು. ತಾನೇ ಅತ್ತ ಸದ್ದು ಕೇಳಿ ಅಳು ನಿಲ್ಲಿಸಿದಳು. ಮತ್ತೆ ಅತ್ತು ನೋಡಿದಳು. ನಾವೂ ಅತ್ತೆವು.

ಅಲ್ಲಿಂದ ಶುರುವಾದದ್ದು ಕೇಳುವ ವಯಸ್ಸಿನ ಲೆಕ್ಕ. ಸ್ವಿಚ್ ಆನ್ ಆದ ದಿನದಿಂದ ಎಣಿಸಬೇಕು. ಎರಡು ವರ್ಷದ ಮಗು, ಕೇಳುವ ವಯಸ್ಸು ಹತ್ತು ತಿಂಗಳು. ಪದೇ ಪದೇ ಮ್ಯಾಪಿಂಗ್ (ಪ್ರೊಸೆಸರ್ ಮಟ್ಟವನ್ನು ಅವಳಿಗೆ ತಕ್ಕಂತೆ ಹೊಂದಿಸುವುದು), ವಾರ ವಾರ ಥೆರಪಿ. ದಿನಾ ಬೆಳಿಗ್ಗೆ ಪ್ರೊಸೆಸರ್ ಹಾಕಿದ ಕೂಡಲೇ ಆರು ಸದ್ದುಗಳ ಪರೀಕ್ಷೆ: ಆ, ಈ, ಊ, ಮ್, ಶ್, ಸ್. ಡೇನಿಯಲ್ ಲಿಂಗ್ ಎಂಬ ಶಿಕ್ಷಕರು ರೂಪಿಸಿದ್ದು. ಮಾತಿನ ತಗ್ಗಿನ ದನಿಯಿಂದ ಎತ್ತರದ ದನಿಯವರೆಗೆ ಈ ಆರರಲ್ಲಿ ಬಂದುಬಿಡುತ್ತದೆ. ಆರೂ ನಮ್ಮ ಕನ್ನಡದಲ್ಲೇ ಇವೆ! ಬಾಯಿ ಕಾಣದಂತೆ ಪಕ್ಕದಲ್ಲಿ ಕೂತು ಹೇಳಬೇಕು, ಅವಳು ತಿರುಗಿ ಹೇಳಬೇಕು. ತಿಂಗಳುಗಟ್ಟಲೆ "ಸ್" ಬರಲೇ ಇಲ್ಲ. ಬಂದ ದಿನ ಆಡಿಯಾಲಜಿಸ್ಟ್‌ಗೂ ಥೆರಪಿಸ್ಟ್‌ಗೂ ಫೋನ್ ಮಾಡಿ ಕೇಳಿಸಿದೆ. ಆ ಇಬ್ಬರಿಗೂ ಇಷ್ಟೇ ಉದ್ದದ ಲೇಖನ ಸಲ್ಲಬೇಕು. ಸರ್ಜನ್ ಕೂಡ ಇದನ್ನು ಯಾವಾಗಲೂ ಹೇಳುತ್ತಾರೆ, ಅವರ ಕೆಲಸದ ಮುಂದೆ ತಮ್ಮದು ಕಡಿಮೆ ಅಂತ.

ನಾಲ್ಕನೇ ವರ್ಷದಲ್ಲಿ ಒಂದು ಸಂಜೆ ಗೋಡೆಯ ಮೇಲೆ ಹಲ್ಲಿ ತೋರಿಸಿ "ಅಮ್ಮಾ, ಹಳ್ಳಿ" ಅಂದಳು. ಅವಳ ಅಪ್ಪ "ಹಲ್ಲಿ" ಅಂದರು. ಅವಳು ತಲೆ ವಾಲಿಸಿ ಯೋಚಿಸಿ, "ಇನ್ನೊಂದ್ಸಲ ಹೇಳು" ಅಂದಳು. ಹಲ್ಲಿ, ಹಳ್ಳಿ. ಹಲ್ಲಿ, ಹಳ್ಳಿ. ಎಷ್ಟು ಸಲ ಹೇಳಿದೆವೋ. ಕಡೆಗೆ ನನ್ನ ಬೆನ್ನ ಹಿಂದೆ ಹೋಗಿ ನಿಂತು, "ಈಗ ಹೇಳು, ನಾನು ನೋಡಲ್ಲ" ಅಂದಳು. ಹೇಳಿದೆ. ಎರಡನ್ನೂ ಸರಿಯಾಗಿ ಹೇಳಿದಳು. ಲಕಾರಕ್ಕೂ ಳಕಾರಕ್ಕೂ ನಡುವಿನ ಆ ಕೂದಲೆಳೆಯ ವ್ಯತ್ಯಾಸ 22 ಚುಕ್ಕಿಗಳ ಮೂಲಕ ಅವಳನ್ನು ತಲುಪಿತ್ತು.

ಐದನೇ ವರ್ಷದಲ್ಲಿ ಎಡಗಿವಿಯಲ್ಲಿ ಉಳಿದಿದ್ದ ಅಷ್ಟಿಷ್ಟೂ ಹೋಯಿತು. ಎರಡನೇ ಆಪರೇಷನ್. ಈ ಸಲ ಕಷ್ಟ ಬೇರೆ ಥರದ್ದು. ಅವಳಿಗೆ ಈಗ ಕೇಳುವುದು ಅಂದರೇನು ಅಂತ ಗೊತ್ತು. ಅಪರಿಚಿತರ ನಡುವೆ, ದೀಪದ ಕೆಳಗೆ ಮಲಗಿಸಿ ಪ್ರೊಸೆಸರ್ ಕಿತ್ತರೆ? ಅವಳು ಅದನ್ನೇ ಡಾಕ್ಟರ್‌ಗೆ ಕೇಳಿದಳು. ಅವರು ಮತ್ತೆ ಮಂಡಿಯೂರಿ ಕೂತಿದ್ದರು. "ನಿನಗೆ ನಿದ್ದೆ ಬರುವ ತನಕ ಅದು ನಿನ್ನ ಕಿವಿಯಲ್ಲೇ ಇರುತ್ತದೆ. ನಿನ್ನ ಕಣ್ಣು ಮುಚ್ಚಿದ ಮೇಲೆ ನಾನೇ ತೆಗೆದು ಪೆಟ್ಟಿಗೆಯಲ್ಲಿ ಇಡುತ್ತೇನೆ. ನೀನು ಏಳುವ ಮೊದಲು ನಾನೇ ಹಾಕುತ್ತೇನೆ." ಹಾಗೇ ಮಾಡಿದರು. ಎಚ್ಚರವಾದಾಗ ಅವಳು ಮೊದಲು ಮುಟ್ಟಿ ನೋಡಿಕೊಂಡದ್ದು ಬಲಗಿವಿಯನ್ನು. ಇತ್ತು.

ನಮ್ಮ ಸಂಘದ ಕೂಟಗಳಿಗೆ ಅವಳು ಬರುತ್ತಾಳೆ, ನಿಮಗೆಲ್ಲ ಗೊತ್ತು. ಪ್ರೀತಿಯಿಂದ ಒಂದು ಕೋರಿಕೆ. ಅವಳ ಹತ್ತಿರ ಕೂಗಿ ಮಾತಾಡಬೇಕಿಲ್ಲ. ಕೂಗಿದರೆ ಮಾತಿನ ಆಕಾರ ಕೆಡುತ್ತದೆ. ಎದುರಿಗೆ ಬಂದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು, ಮಾಮೂಲಿ ದನಿಯಲ್ಲಿ ಹೇಳಿ. ಗದ್ದಲದಲ್ಲಿ ಇಂಪ್ಲಾಂಟ್‌ಗೆ ಕಷ್ಟ. ಹತ್ತು ಜನ ಒಟ್ಟಿಗೆ ಮಾತಾಡುವ ಕಡೆ ಅವಳು ಸುಮ್ಮನಾಗುತ್ತಾಳೆ, ಅದು ಸಿಟ್ಟಲ್ಲ. ವೇದಿಕೆಯಲ್ಲಿ "ನನ್ನ ದನಿ ದೊಡ್ಡದು, ಮೈಕ್ ಬೇಡ" ಅನ್ನಬೇಡಿ, ದಯವಿಟ್ಟು ಹಿಡಿದುಕೊಳ್ಳಿ. ನಮ್ಮ ಹಿರಿಯರಲ್ಲೂ ಎಷ್ಟೋ ಜನಕ್ಕೆ ಅದರಿಂದ ಉಪಕಾರ. ಮತ್ತೆ "ಏನು ಹೇಳಿದ್ರಿ?" ಅಂತ ಅವಳು ಕೇಳಿದರೆ "ಬಿಡು, ಏನಿಲ್ಲ" ಅನ್ನಬೇಡಿ. ಆ ಮಾತು ಅವಳಿಗೆ ತುಂಬ ನೋವು ಕೊಡುತ್ತದೆ.

ಹೋದ ತಿಂಗಳು ವರ್ಷದ ತಪಾಸಣೆಗೆ ಹೋಗಿದ್ದೆವು. ಅವಳಿಗೆ ಈಗ ಒಂಬತ್ತು. ಡಾಕ್ಟರ್ ಕೂದಲು ನೆರೆತಿದೆ. ಮಂಡಿಯೂರಲು ಹೋದವರನ್ನು ಅವಳೇ ತಡೆದು ಕುರ್ಚಿ ಎಳೆದು ಕೊಟ್ಟಳು. ಅವಳ ಮೊದಲ ಭೇಟಿಯ ಕಥೆಯನ್ನು ನಾನು ಮನೆಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಂದಿದ್ದಳು ಅಂತ ಕಾಣುತ್ತದೆ.

"ನನಗೆ ಕೇಳದೆ ಇದ್ದಾಗ ನೀವು ನನ್ನ ಹತ್ತಿರ ಏನೋ ಹೇಳಿದ್ರಂತೆ. ಏನು ಹೇಳಿದ್ರಿ?"

ಡಾಕ್ಟರ್ ನನ್ನ ಕಡೆ ನೋಡಿದರು, ಅವಳ ಕಡೆ ನೋಡಿದರು. ಹೊರಗೆ ಇನ್ನೂ ಜನ ಕಾಯುತ್ತಿದ್ದರು. ಅವರು ಕುರ್ಚಿಯನ್ನು ಅವಳ ಎದುರಿಗೆ ಸರಿಸಿಕೊಂಡು ಕೂತರು. ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟರು.

"ನಮಸ್ಕಾರ" ಅಂದರು. "ನಾನು ನಿನ್ನ ಡಾಕ್ಟರ್..."

ಅವಳು ಕನ್ನಡಕ ಹಿಡಿದುಕೊಂಡು, ಒಂದು ಮಾತೂ ಬಿಡದೆ, ಕೊನೆಯ ತನಕ ಕೇಳಿದಳು.